ರೋಧಕಕ್ಕೆ ಹಲ್ಲು ಎಷ್ಟು?

ಈಚೆಗೆ ಬಂದ ಪತ್ರಗಳಲ್ಲಿ ನನಗೆ ಅತ್ಯಂತ ಸಂತೋಷವನ್ನು ಕೊಟ್ಟದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿರುವ ಒಬ್ಬ ತರುಣನ ಪತ್ರ. ತನ್ನ ಪ್ರಾಜೆಕ್ಟ್ ವರದಿಯನ್ನು ಆತ ಲೇಟೆಕ್‌ನಲ್ಲಿ ಸಿದ್ಧಪಡಿಸುತ್ತಿದ್ದಾನೆ. ಅದರೊಳಗಿನ ಸರ್ಕ್ಯೂಟ್ ಚಿತ್ರಗಳನ್ನು ಕೈಯಿಂದ ಎಳೆಯದೆ, ಸರ್ಕ್ಯುಟಿಕ್ಝ್ ಎಂಬ ಪ್ಯಾಕೇಜಿನ ನೆರವಿನಿಂದ ಅಕ್ಷರಗಳಲ್ಲಿಯೇ ಬರೆದು ಮೂಡಿಸಿದ್ದಾನೆ. ಹಾಗೆ ಬರೆಯುವಾಗ ರೋಧಕದ, ಎಂದರೆ ರೆಸಿಸ್ಟರಿನ, ಅಂಕುಡೊಂಕು ಗೆರೆಗೆ ಇರುವ ಮೂರು ಹಲ್ಲುಗಳನ್ನು ಐದಕ್ಕೆ ಏರಿಸಬಹುದೆಂದು ಅವನಿಗೆ ಗೊತ್ತಾಯಿತು, ಏರಿಸಿದ, ಚಿತ್ರ ಅಂದವಾಗಿಯೇ ಬಂತು. ಆಮೇಲೆ ಶುರುವಾಯಿತು ವ್ಯಾಜ್ಯ. ಹಲ್ಲು ಹೆಚ್ಚಿದರೆ ರೋಧವೂ ಹೆಚ್ಚಿತೆಂದೇ ಅರ್ಥ ಎಂದು ಗೆಳೆಯನ ವಾದ. ಮೂರೇ ಇರತಕ್ಕದ್ದು, ಬದಲಾಯಿಸಿದರೆ ಅಂಕ ಹೋಗುತ್ತದೆ ಎಂದು ಮೇಷ್ಟರ ವಾದ. "ಇಬ್ಬರಲ್ಲಿ ಯಾರ ಮಾತು ಸರಿ, ಸಾರ್?" ಎಂದು ತರುಣನ ಪ್ರಶ್ನೆ.

ಇಬ್ಬರ ಮಾತೂ ಸರಿಯಲ್ಲ. ಆದರೆ ಇಬ್ಬರೂ ಜಾರಿದ ಸ್ಥಳ ಒಂದೇ ಆಗಿರುವುದರಿಂದ ಅಲ್ಲಿ ಸ್ವಲ್ಪ ಹೊತ್ತು ನಿಂತು ನೋಡಬೇಕೆನ್ನಿಸಿತು. ಚಿಹ್ನೆಯೆಂಬುದು ವಸ್ತುವಿನ ಪ್ರತಿಕೃತಿಯೆಂದು, ಅದರ ಒಂದೊಂದು ಅಂಗಕ್ಕೂ ವಸ್ತುವಿನಲ್ಲಿ ಒಂದೊಂದು ಅಂಗ ಹೊಂದಿಕೊಂಡಿರುವುದೆಂದು ಇಬ್ಬರೂ ನಂಬಿದ್ದಾರೆ.

ಪ್ಯಾಕೇಜಿನ ವಂಶಾವಳಿಯನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇನೆ. ತಮ್ಮ ಗ್ರಂಥದ ಅಚ್ಚಿನ ಕರಡನ್ನು ಕಂಡು ಬೇಸತ್ತ ಡೊನಾಲ್ಡ್ ಕ್ನೂತ್ ಅವರು 1977ರಲ್ಲಿ ಕೈಗೆತ್ತಿಕೊಂಡ ಅಕ್ಷರಜೋಡಣೆಯ ವ್ಯವಸ್ಥೆ ಟೆಕ್. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಕಟ್ಟಿದ್ದು ಲೇಟೆಕ್. ಅದರೊಳಗೆ ಚಿತ್ರ ಬರೆಯಲೆಂದು ಜರ್ಮನಿಯ ಟಿಲ್ ಟಾಂಟೌ ರಚಿಸಿದ್ದು ಟಿಕ್ಝ್. ಆ ಟಿಕ್ಝ್‌ನ ಹೆಗಲೇರಿ 2007ರಲ್ಲಿ ಇಟಲಿಯ ಮಸ್ಸಿಮೊ ರೆಡಾಯೆಲ್ಲಿ ಆರಂಭಿಸಿದ್ದು ಸರ್ಕ್ಯುಟಿಕ್ಝ್. ಇದರಲ್ಲಿ ಇಲಿಯನ್ನು ಹಿಡಿದು ಗೆರೆ ಎಳೆಯುವ ಮಾತಿಲ್ಲ. ಈ ಬಿಂದುವಿನಿಂದ ಆ ಬಿಂದುವಿಗೆ ಹೋಗು, ದಾರಿಯಲ್ಲಿ ಒಂದು ರೆಸಿಸ್ಟರನ್ನು ಇರಿಸು, ಅದಕ್ಕೆ ಇಂಥ ಹೆಸರು ಬರೆ, ಎಂದು ಒಂದು ಸಾಲಿನಲ್ಲಿ ಆಜ್ಞಾಪಿಸಿದರೆ ಉಳಿದದ್ದನ್ನು ಗಣಕವೇ ನೋಡಿಕೊಳ್ಳುತ್ತದೆ. ಕಲಿಯಬೇಕೆನ್ನುವವರಿಗೆ ಇನ್ನೂರು ಪುಟಗಳನ್ನು ಮೀರಿದ ಕೈಪಿಡಿಯಿದೆ. ನಾನು ಅದರ ಗೋಜಿಗೆ ಹೋಗುವುದಿಲ್ಲ.

ಈ ಪ್ಯಾಕೇಜಿನಲ್ಲಿ ಚಿಹ್ನೆಗಳ ವೇಷ ಬೇರೆ, ಅವುಗಳ ಸಂಬಂಧ ಬೇರೆ. ಅಂಕುಡೊಂಕಿನ ಹಲ್ಲುಗಳ ಸಂಖ್ಯೆ, ಸುರುಳಿಯ ಸುತ್ತುಗಳ ಸಂಖ್ಯೆ, ಒಂದು ಜಾತಿಯ ಘಟಕಗಳ ಒಟ್ಟು ಗಾತ್ರ, ಗೆರೆಯ ದಪ್ಪ, ಒಳಗೆ ತುಂಬುವ ಬಣ್ಣ, ಇವೆಲ್ಲ ಕಡತದ ಮೇಲ್ತುದಿಯಲ್ಲಿ ಒಂದೆರಡು ಸಾಲುಗಳಲ್ಲಿ ನಿಶ್ಚಯವಾಗತಕ್ಕ ಸಂಗತಿಗಳು. ತಂತಿಗಿಂತ ಘಟಕದ ಗೆರೆ ಇಮ್ಮಡಿ ದಪ್ಪವಾಗಿರಲೆಂಬುದು ಅಲ್ಲಿಯ ವಾಡಿಕೆ. ಬೇಡವೆಂದರೆ ಅದನ್ನೂ ಸಮಮಾಡಬಹುದು. ಅಷ್ಟೇ ಏಕೆ, ಒಂದೇ ಒಂದು ಪದವನ್ನು ಬದಲಾಯಿಸಿದರೆ ಅಮೆರಿಕದ ಪದ್ಧತಿಯ ಅಂಕುಡೊಂಕು ಗೆರೆಗಳೆಲ್ಲ ಮಾಯವಾಗಿ ಯೂರೋಪಿನ ಪದ್ಧತಿಯ ಬರಿಯ ಆಯತಗಳು ಅವುಗಳ ಸ್ಥಾನದಲ್ಲಿ ಕುಳಿತಿರುತ್ತವೆ. ಮೊದಲನೆಯದು ಅಮೆರಿಕದ ಐಇಇಇ 315ನೆಯ ಮಾನಕದಲ್ಲಿ ದಾಖಲಾದದ್ದು, ಎರಡನೆಯದು ಅಂತರರಾಷ್ಟ್ರೀಯ ಐಇಸಿ 60617ಕ್ಕೆ ಸೇರಿದ್ದು. ಆಯತಕ್ಕೆ ಹಲ್ಲೇ ಇಲ್ಲ. ಹಲ್ಲಿನ ಸಂಖ್ಯೆಯಿಂದ ರೋಧವನ್ನು ಅಳೆಯುವುದಾದರೆ ಯೂರೋಪಿನ ರೆಸಿಸ್ಟರುಗಳಿಗೆ ರೋಧವೇ ಇಲ್ಲವೆಂದಾಗಬೇಕಲ್ಲವೆ? ನಮ್ಮ ತರುಣನ ಗೆಳೆಯನು ಇದನ್ನು ಯೋಚಿಸಲಿ.

ಅಂಕುಡೊಂಕು ಗೆರೆ ಬಂದದ್ದು ಉದ್ದನೆಯ ತಂತಿಯನ್ನು ಮಡಿಸಿ, ಸುತ್ತಿ, ರೋಧವನ್ನು ಪಡೆಯುತ್ತಿದ್ದ ಕಾಲದಿಂದ. ಇಂದು ಅಂಗಡಿಯಲ್ಲಿ ಸಿಕ್ಕುವ ಸಾಧಾರಣ ರೆಸಿಸ್ಟರು ಪಿಂಗಾಣಿಯ ಕಡ್ಡಿಯೊಂದರ ಮೇಲೆ ಇಂಗಾಲದ ತೆಳುವಾದ ಲೇಪ. ಬೇಕಾದ ಬೆಲೆ ಬರಲೆಂದು ಆ ಲೇಪದಲ್ಲಿ ಸುರುಳಿಯಾಗಿ ಒಂದು ಗೀರನ್ನು ಕೊರೆದಿರುತ್ತಾರೆ. ಮೇಲಿನ ಬಣ್ಣವನ್ನು ಬ್ಲೇಡಿನಿಂದ ಮೆಲ್ಲಗೆ ಹೆರೆದು, ಭೂತಗನ್ನಡಿ ಹಿಡಿದು ನೋಡಿದರೆ ಆ ಗೀರು ಕಡ್ಡಿಯನ್ನು ಬಳಸಿಕೊಂಡು ಹೋಗಿರುವುದು ಸ್ಪಷ್ಟವಾಗಿ ಕಾಣುತ್ತದೆ. ಹಲ್ಲು ಮಾತ್ರ ಎಲ್ಲಿಯೂ ಕಾಣದು.

ಗೆರೆಯ ಆಕಾರದಲ್ಲಿಯೇ ಶಕ್ತಿ ಇದೆಯೆಂಬ ಭ್ರಾಂತಿ ನಮ್ಮಲ್ಲಿ ಹೊಸದಲ್ಲ. ತಾಮ್ರದ ತಗಡಿನ ಮೇಲೆ ತ್ರಿಕೋನಗಳನ್ನು ಕೊರೆದು, ಒಂದು ಗೆರೆ ಓರೆಯಾದರೂ ಫಲ ಕೆಡುವುದೆಂದು ಹೆದರಿಸಿ, ಅದನ್ನು ಮಾರಿ ಜೀವಿಸುವವರು ಇದ್ದಾರೆ. ಅದನ್ನು ಕೊಂಡು ತಂದು, ಎಂಜಿನಿಯರಿಂಗ್ ಪದವಿಯ ಚೌಕಟ್ಟಿನ ಪಕ್ಕದಲ್ಲಿಯೇ ತೂಗುಹಾಕುವವರೂ ಇದ್ದಾರೆ. ಶ್ರದ್ಧೆಯ ವಿಷಯಕ್ಕೆ ನಾನು ಕೈಹಾಕುವುದಿಲ್ಲ. ಆದರೆ ಆ ಅಭ್ಯಾಸವನ್ನು ವಿದ್ಯುನ್ಮಂಡಲದ ನಕ್ಷೆಯವರೆಗೂ ಎಳೆದುಕೊಂಡು ಬಂದು, ಪುಸ್ತಕದಲ್ಲಿ ಬ್ಯಾಟರಿ ಎಡಗಡೆ ಇರುವುದರಿಂದ ಮೇಜಿನ ಮೇಲೆಯೂ ಎಡಗಡೆಯೇ ಇರಬೇಕೆಂದು ವಿದ್ಯಾರ್ಥಿಗಳನ್ನು ಗದರಿಸುವುದನ್ನು ಕಂಡಾಗ ಸುಮ್ಮನಿರಲಾರೆ. ನಕ್ಷೆಯನ್ನು ಹಿಗ್ಗಿಸಿ, ಕುಗ್ಗಿಸಿ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ. ಯಾವ ತುದಿ ಯಾವ ತುದಿಗೆ ಸೇರಿದೆಯೆಂಬುದು ಕೆಡದಿದ್ದರೆ ವಿದ್ಯುತ್ತಿಗೆ ಅದೇ ಸರ್ಕ್ಯೂಟು.

ಇನ್ನು ನನಗೆ ಪರಮಪ್ರಿಯವಾದ ಚಿಹ್ನೆ, ಟ್ರಾನ್ಸಿಸ್ಟರಿನದು. ಇದನ್ನು ನೋಡದವರಿಲ್ಲ: ಒಂದು ನೆಟ್ಟನೆಯ ದಪ್ಪ ಗೆರೆ, ಅದರ ಒಂದು ಪಾರ್ಶ್ವದಿಂದ ಬಂದು ತಾಗುವ ಬೇಸ್ ತಂತಿ, ಇನ್ನೊಂದು ಪಾರ್ಶ್ವದಲ್ಲಿ ಓರೆಯಾಗಿ ಬಂದು ಊರುವ ಎರಡು ಕಡ್ಡಿಗಳು, ಒಂದು ಎಮಿಟರ್, ಒಂದು ಕಲೆಕ್ಟರ್. ಪಠ್ಯಪುಸ್ತಕವನ್ನು ಕಾಲು ಸುತ್ತು ತಿರುಗಿಸಿ, ದಪ್ಪ ಗೆರೆ ಅಡ್ಡಲಾಗಿ ಮಲಗಿ ಓರೆ ಕಡ್ಡಿಗಳೆರಡೂ ಅದರ ಮೇಲೆ ನಿಲ್ಲುವಂತೆ ಹಿಡಿದು ನೋಡಿರಿ. ಈಗ ನೀವು ನೋಡುತ್ತಿರುವುದು 1947ರ ಡಿಸೆಂಬರಿನಲ್ಲಿ, ಅಮೆರಿಕದ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ, ಜಾನ್ ಬಾರ್ಡೀನ್ ಮತ್ತು ವಾಲ್ಟರ್ ಬ್ರಾಟೈನ್ ಎಂಬಿಬ್ಬರು ಮೇಜಿನ ಮೇಲೆ ನಿಲ್ಲಿಸಿದ ವಸ್ತುವಿನ ಪಾರ್ಶ್ವನೋಟವನ್ನು. ಕೆಳಗೆ ಜರ್ಮೇನಿಯಮ್ಮಿನ ಒಂದು ಸಣ್ಣ ಬಿಲ್ಲೆ. ಅದರ ಮೇಲೆ ತುದಿ ಕೆಳಗಾಗಿ ಒತ್ತಿ ನಿಲ್ಲಿಸಿದ ಪ್ಲಾಸ್ಟಿಕ್ಕಿನ ತ್ರಿಕೋನ. ತ್ರಿಕೋನದ ಅಂಚಿನ ಮೇಲೆ ಹಾಯಿಸಿ ಅಂಟಿಸಿದ ಚಿನ್ನದ ರೇಕನ್ನು, ಸರಿಯಾಗಿ ಕೆಳತುದಿಯಲ್ಲಿ, ಬ್ರಾಟೈನ್ ರೇಜರ್ ಬ್ಲೇಡಿನಿಂದ ಸೀಳಿದ್ದರು. ಹಾಗೆ ಸೀಳಿದ್ದರಿಂದ ಕೂದಲೆಳೆಯಷ್ಟು ಅಂತರದಲ್ಲಿ ಎರಡು ಚಿನ್ನದ ಮೊನೆಗಳು ಉಂಟಾಗಿ, ಎರಡೂ ಒಂದೇ ಬಿಲ್ಲೆಯ ಒಂದೇ ಮೈಯನ್ನು ಮುಟ್ಟಿದವು. ಒಂದು ಮೊನೆಗೆ ಕೊಟ್ಟ ಸೂಕ್ಷ್ಮವಾದ ಸಂಜ್ಞೆ ಇನ್ನೊಂದರಲ್ಲಿ ವರ್ಧಿಸಿ ಬಂತು. ಆ ತಿಂಗಳ 23ರಂದು ಸಂಸ್ಥೆಯ ಹಿರಿಯರ ಮುಂದೆ ಅದರ ಪ್ರದರ್ಶನವೂ ನಡೆಯಿತು. ಆ ಬಿಲ್ಲೆಯೇ ನಮ್ಮ ದಪ್ಪ ಗೆರೆ. ಆ ಎರಡು ಮೊನೆಗಳೇ ನಮ್ಮ ಎರಡು ಓರೆ ಕಡ್ಡಿಗಳು.

ಆದರೆ ಮೊನೆ ತಾಗಿಸುವ ಆ ಮಾದರಿ ಬಾಳಲಿಲ್ಲ. ಕೆಲವೇ ವಾರಗಳಲ್ಲಿ ಅವರ ಸಹೋದ್ಯೋಗಿ ವಿಲಿಯಂ ಶಾಕ್ಲಿ ಮೂರು ಪದರಗಳ ಸಂಧಿಯ ಟ್ರಾನ್ಸಿಸ್ಟರನ್ನು ಕಲ್ಪಿಸಿದರು. ಅದರಲ್ಲಿ ಬೇಸ್ ಎಂಬುದು ಎಮಿಟರಿಗೂ ಕಲೆಕ್ಟರಿಗೂ ನಡುವೆ ಸಿಕ್ಕಿಕೊಂಡ ತೆಳುವಾದ ಪದರ, ಮೊನೆಗಳ ಸುದ್ದಿಯೇ ಇಲ್ಲ. ಮೂವರಿಗೂ 1956ರಲ್ಲಿ ನೊಬೆಲ್ ಪಾರಿತೋಷಕ ಬಂತು. ಕಾರ್ಖಾನೆಗಳು ಶಾಕ್ಲಿಯ ದಾರಿ ಹಿಡಿದವು. ಮೊದಲಿನ ಚಿನ್ನದ ಮೊನೆಯ ಯಂತ್ರ ವಸ್ತುಸಂಗ್ರಹಾಲಯಕ್ಕೆ ಸೇರಿತು. ಚಿಹ್ನೆಯೊಂದು ಮಾತ್ರ ಕದಲಲಿಲ್ಲ. ತಲೆಮಾರುಗಳ ವಿದ್ಯಾರ್ಥಿಗಳು ತಾವೆಂದೂ ಕಾಣದ, ಕಾಣಲಾರದ ವಸ್ತುವೊಂದರ ರೇಖಾಚಿತ್ರವನ್ನು ಪರೀಕ್ಷೆಯಲ್ಲಿ ಬರೆಯುತ್ತಲೇ ಇದ್ದಾರೆ. ಡಯೋಡಿನ ಚಿಹ್ನೆಯ ಬಾಣವೂ ಗೋಡೆಯೂ ಹೀಗೆಯೇ, ಖನಿಜದ ಹರಳಿಗೆ ತಂತಿಯ ಮೊನೆಯನ್ನು ತಾಗಿಸಿ ರೇಡಿಯೋ ಕೇಳುತ್ತಿದ್ದ ಕಾಲದ ಪಳೆಯುಳಿಕೆ. ಅಂಥ ಹರಳಿನ ಶೋಧಕಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟು ಪಡೆದವರು ನಮ್ಮ ಜಗದೀಶಚಂದ್ರ ಬೋಸರೆಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬಾರದು.

ಟ್ರಾನ್ಸಿಸ್ಟರನ್ನು ಸುತ್ತುವರಿದ ವರ್ತುಲದ ಕಥೆ ಬೇರೆ. ಅದು ಒಳಗಿನ ಹರಳಿಗೆ ಸೇರಿದ್ದಲ್ಲ, ಹೊರಗಿನ ಕವಚದ ಗುರುತು; ನಿರ್ವಾತ ನಳಿಕೆಗಳ ಗಾಜಿನ ಬುರುಡೆಯಿಂದ ಇಳಿದು ಬಂದದ್ದು. ನಮ್ಮ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಬಳಸಿ ಬಳಸಿ ಕಾಲು ಮುರಿದುಕೊಂಡ ಎಸ್‌ಎಲ್ 100 ಎಂಬ ಟ್ರಾನ್ಸಿಸ್ಟರನ್ನು ಬಲ್ಲವರು ಅದರ ದುಂಡನೆಯ ಲೋಹದ ಟೋಪಿಯನ್ನು ನೆನೆಯಬಹುದು: ಟೋಪಿಯ ಅಂಚಿನಲ್ಲಿ ಒಂದು ಪುಟ್ಟ ನಾಲಗೆ ಚಾಚಿರುತ್ತದೆ, ಅದರ ಬಳಿಯ ಕಾಲೇ ಎಮಿಟರ್, ಕಲೆಕ್ಟರು ಒಳಗಿನಿಂದ ಟೋಪಿಗೇ ಬೆಸೆದುಕೊಂಡಿರುತ್ತದೆ. ಮಾನಕಗಳಲ್ಲಿ ಇದಕ್ಕೊಂದು ಸೊಗಸಾದ ಸೂಚನೆಯಿದೆ. ಕಲೆಕ್ಟರಿನ ಗೆರೆ ವರ್ತುಲವನ್ನು ದಾಟುವಲ್ಲಿ ಒಂದು ಚುಕ್ಕೆಯಿಟ್ಟರೆ, ಕವಚಕ್ಕೂ ಕಲೆಕ್ಟರಿಗೂ ಸಂಪರ್ಕವುಂಟು, ಟೋಪಿಯನ್ನು ಬೇರೆ ಲೋಹಕ್ಕೆ ತಾಗಿಸಬೇಡ, ಎಂದು ಅರ್ಥ. ಚಿಪ್‌ನೊಳಗಿನ ಟ್ರಾನ್ಸಿಸ್ಟರಿಗೆ ಸ್ವಂತದ ಕವಚವಿಲ್ಲವಾದ್ದರಿಂದ ಅಲ್ಲಿ ವರ್ತುಲ ಬರೆಯುವುದು ಅಸಂಗತ. ಸರ್ಕ್ಯುಟಿಕ್ಝ್ ವರ್ತುಲವನ್ನು ತಾನಾಗಿ ಹಾಕುವುದಿಲ್ಲ. ಕೇಳಿದರೆ ಮಾತ್ರ ಹಾಕುತ್ತದೆ. ಇದು ನನಗೆ ವಿವೇಕವೆಂದು ತೋರುತ್ತದೆ.

ಹೀಗೆ ವರ್ತುಲ ಹಾಕಿದರೂ ತೆಗೆದರೂ ತಂತಿಗಳು ಕದಲದಿರುವುದು ಹೇಗೆ? ಚಿಹ್ನೆಯ ಒಂದೊಂದು ತುದಿಗೂ ಒಂದೊಂದು ಹೆಸರಿದ್ದು, ಬರೆಯುವವನು ಮೊದಲನೆಯ ಟ್ರಾನ್ಸಿಸ್ಟರಿನ ಬೇಸ್‌ನಿಂದ ಎರಡನೆಯದರ ಕಲೆಕ್ಟರಿಗೆ ಎಂದು ಹೇಳಿರುತ್ತಾನೆಯೇ ಹೊರತು ಇಷ್ಟು ಸೆಂಟಿಮೀಟರ್ ಬಲಕ್ಕೆ, ಇಷ್ಟು ಮೇಲಕ್ಕೆ ಎಂದಲ್ಲ. ಅಳತೆಗಳನ್ನೇ ಬರೆದವರ ಪಾಡು ಗಾತ್ರವನ್ನು ಬದಲಾಯಿಸಿದ ದಿನ ಬಯಲಾಗುತ್ತದೆ: ಟ್ರಾನ್ಸಿಸ್ಟರು ಕುಗ್ಗಿ ಅದರ ತುದಿಗಳು ಒಳಕ್ಕೆ ಸರಿದಿರುತ್ತವೆ, ತಂತಿಗಳು ಹಳೆಯ ಜಾಗದಲ್ಲಿಯೇ ಕಾದು ನಿಂತಿರುತ್ತವೆ. ಹೆಸರುಗಳನ್ನೇ ಬಳಸಿದ್ದರೂ ನೇರವಾಗಿದ್ದ ತಂತಿ ಕೊಂಚ ಓರೆಯಾಗುವುದುಂಟು. ಅದಕ್ಕೆ ಮೊದಲು ಅಡ್ಡಲಾಗಿ ಹೋಗಿ ಅನಂತರ ನೆಟ್ಟಗೆ ತಿರುಗು ಎಂದು ಹೇಳುವ ಎರಡು ಗೀಟಿನ ಸಂಜ್ಞೆಯೊಂದಿದೆ. ನಮ್ಮ ತರುಣನು ಇದೊಂದನ್ನು ರೂಢಿಸಿಕೊಂಡರೆ ಮೇಷ್ಟರು ಎಷ್ಟು ಸಲ ಗಾತ್ರ ಬದಲಾಯಿಸು ಎಂದರೂ ನಿದ್ದೆಗೆಡಬೇಕಾಗಿಲ್ಲ.

ವೇಷ ಬದಲಾಯಿಸುವ ಉತ್ಸಾಹದಲ್ಲಿ ಎಚ್ಚರ ತಪ್ಪಬಾರದ ಸ್ಥಳವೊಂದಿದೆ, ತಂತಿಗಳು ಕೂಡುವ ಜಾಗ. ಎರಡು ಗೆರೆಗಳು ಅಡ್ಡಹಾಯ್ದಲ್ಲಿ ಚುಕ್ಕೆಯಿದ್ದರೆ ಸಂಪರ್ಕ, ಇಲ್ಲದಿದ್ದರೆ ಬರಿಯ ದಾಟು. ಹಳೆಯ ಪುಸ್ತಕಗಳಲ್ಲಿ ದಾಟುವ ತಂತಿಗೆ ಸಣ್ಣ ಕಮಾನನ್ನು ಕಟ್ಟುತ್ತಿದ್ದರು. ಸರ್ಕ್ಯುಟಿಕ್ಝ್‌ನಲ್ಲಿ ಎರಡೂ ಬಗೆಯ ದಾಟುಗಳುಂಟು. ಇಲ್ಲಿ ಚುಕ್ಕೆಯೇ ಸರ್ವಸ್ವ. ಜೆರಾಕ್ಸ್ ಮಾಡಿದ ಪ್ರತಿಯನ್ನು ಮತ್ತೆ ಜೆರಾಕ್ಸ್ ಮಾಡಿದಾಗ ಮೊದಲು ಅಳಿಸಿಹೋಗುವುದೂ ಅದೇ, ಎಲ್ಲಿಂದಲೋ ಬಂದು ಸೇರಿಕೊಳ್ಳುವುದೂ ಅದೇ. ಆದ್ದರಿಂದ ಬಲ್ಲವರು ನಾಲ್ಕು ತಂತಿಗಳನ್ನು ಒಂದೇ ಬಿಂದುವಿನಲ್ಲಿ ಕೂಡಿಸದೆ, ಸ್ವಲ್ಪ ಸ್ವಲ್ಪ ಸರಿಸಿ ಎರಡು ಮೂರುದಾರಿಗಳನ್ನಾಗಿ ಬರೆಯುತ್ತಾರೆ; ಆಗ ಚುಕ್ಕೆ ಹೋದರೂ ಅರ್ಥ ಉಳಿಯುತ್ತದೆ. 4.7 ಕಿಲೋ ಓಮ್ ಎಂಬುದನ್ನು 4ಕೆ7 ಎಂದು ಬರೆಯುವ ಪದ್ಧತಿಯೂ ಚುಕ್ಕೆಯ ಮೇಲಿನ ಇದೇ ಅಪನಂಬಿಕೆಯ ಫಲ. ರೋಧ ಎಷ್ಟೆಂದು ತಿಳಿಸುವುದು ಈ ಬರೆಹ, ಹಲ್ಲುಗಳಲ್ಲ.

ಬಾಣದ ವಿಷಯದಲ್ಲಿ ಇನ್ನೊಂದು ಮಾತು. ಎಮಿಟರಿನ ಬಾಣ ಗೆರೆಯ ನಡುವಿರಲಿ, ತುದಿಯಲ್ಲಿರಲಿ, ಅದು ಬರೆಯುವವನ ಇಷ್ಟ. ಅದರ ದಿಕ್ಕು ಮಾತ್ರ ಅವನ ಇಷ್ಟವಲ್ಲ. ಎಲೆಕ್ಟ್ರಾನುಗಳು ಬಾಣದ ದಿಕ್ಕಿನಲ್ಲಿಯೇ ಓಡುತ್ತವೆಂದು ಅನೇಕರು ತಿಳಿದಿದ್ದಾರೆ. ಅವು ಓಡುವುದು ಬಾಣಕ್ಕೆ ಎದುರಾಗಿ; ಬಾಣ ತೋರಿಸುವುದು ಧನದಿಂದ ಋಣಕ್ಕೆ ಎಂಬ ರೂಢಿಯ ದಿಕ್ಕನ್ನು. ಧನ, ಋಣ ಎಂಬ ಭೇದವನ್ನು ಹದಿನೆಂಟನೆಯ ಶತಮಾನದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ನಿಶ್ಚಯಿಸಿದಾಗ ಎಲೆಕ್ಟ್ರಾನಿನ ಸುಳಿವೇ ಇರಲಿಲ್ಲ; ಜೆ. ಜೆ. ಥಾಮ್ಸನ್ 1897ರಲ್ಲಿ ಅದನ್ನು ಕಂಡುಹಿಡಿಯುವ ವೇಳೆಗೆ ಲೋಕವೆಲ್ಲ ಆ ರೂಢಿಗೆ ಒಗ್ಗಿಹೋಗಿತ್ತು.

ಚಿಹ್ನೆಯಲ್ಲಿರುವುದು ವಸ್ತುವಿನಲ್ಲಿ ಇಲ್ಲದಿರುವ ಸಂದರ್ಭಗಳನ್ನೇ ಇಷ್ಟು ಹೊತ್ತು ನೋಡಿದ್ದಾಯಿತು. ವಸ್ತುವಿನಲ್ಲಿರುವುದನ್ನು ಚಿಹ್ನೆ ಮುಚ್ಚಿಡುವ ಸಂದರ್ಭವೂ ಉಂಟು. ಪತ್ರ ಬರೆದ ತರುಣನ ಪ್ರಾಜೆಕ್ಟು ಬ್ಯಾಟರಿಯಿಂದ ಮೋಟಾರನ್ನು ನಡೆಸುವುದಾದ್ದರಿಂದ ಅದು ಅವನಿಗೆ ಉಪಯುಕ್ತ. ಅಲ್ಲಿ ಜೋಡಿಯಾಗಿ ಬಳಸುವ ಮಾಸ್‌ಫೆಟ್ ಎಂಬ ಸ್ವಿಚ್ಚಿನೊಳಗೆ, ಅದನ್ನು ತಯಾರಿಸುವ ವಿಧಾನದಿಂದಲೇ, ಸೋರ್ಸ್ ಎಂಬ ತುದಿಯಿಂದ ಡ್ರೇನ್ ಎಂಬ ತುದಿಗೆ ಒಂದು ಡಯೋಡು ತಾನಾಗಿ ಹುಟ್ಟಿಕೊಂಡಿರುತ್ತದೆ. ಯಾರೂ ಕೊಂಡು ತಂದು ಸೇರಿಸಿದ್ದಲ್ಲ, ಬೇಡವೆಂದು ತೆಗೆಯುವಂತೆಯೂ ಇಲ್ಲ. ಸರ್ಕ್ಯುಟಿಕ್ಝ್‌ನಲ್ಲಿ ಒಂದು ಪದವನ್ನು ಸೇರಿಸಿದರೆ ಅದು ಚಿತ್ರದಲ್ಲಿ ಮೂಡುತ್ತದೆ, ಸೇರಿಸದಿದ್ದರೆ ಇಲ್ಲ; ಚಿತ್ರದಲ್ಲಿ ಇರಲಿ ಬಿಡಲಿ, ಮೇಜಿನ ಮೇಲಿನ ಮಾಸ್‌ಫೆಟ್‌ನಲ್ಲಿ ಅದು ಇದ್ದೇ ಇರುತ್ತದೆ. ಸ್ವಿಚ್ಚನ್ನು ಆರಿಸಿದ ಕ್ಷಣದಲ್ಲಿ ಮೋಟಾರಿನ ಸುರುಳಿಯಲ್ಲಿ ಹರಿಯುತ್ತಿದ್ದ ವಿದ್ಯುತ್ತು ಥಟ್ಟನೆ ನಿಲ್ಲಲೊಲ್ಲದೆ, ಜೋಡಿಯ ಇನ್ನೊಂದು ಮಾಸ್‌ಫೆಟ್‌ನ ಆ ಗುಪ್ತ ಡಯೋಡಿನ ಮೂಲಕವೇ ದಾರಿ ಕಂಡುಕೊಳ್ಳುತ್ತದೆ. ಇಂಥ ಜೋಡಿಗೆ ಬ್ಯಾಟರಿಯನ್ನು ತಿರುವುಮುರುವಾಗಿ ಜೋಡಿಸಿದವನು ಗೇಟ್ ಎಂಬ ನಿಯಂತ್ರಣದ ತುದಿಗೆ ಏನನ್ನೂ ಕೊಡದಿದ್ದರೂ ಎರಡು ಡಯೋಡುಗಳೂ ಒಟ್ಟಿಗೆ ತೆರೆದುಕೊಂಡು ಮಾಸ್‌ಫೆಟ್‌ಗಳು ಮುಟ್ಟಲಾರದಷ್ಟು ಬಿಸಿಯಾಗುತ್ತವೆ. ಹಾಗೇಕೆ ಆಯಿತೆಂದು ಡಯೋಡು ಬರೆಯದ ನಕ್ಷೆಯಲ್ಲಿ ಎಷ್ಟು ಹುಡುಕಿದರೂ ಅವನಿಗೆ ತಿಳಿಯುವುದಿಲ್ಲ.