ಮನೆಯಲ್ಲಿಯೇ ಧ್ವನಿಮುದ್ರಣ

ಗಾಯಕ ಪಿ. ಕಾಳಿಂಗರಾಯರು 1914ರಲ್ಲಿ ಜನಿಸಿದ್ದು ನಮ್ಮ ಬ್ರಹ್ಮಾವರದ ಬಳಿಯ ಆರೂರಿನಲ್ಲಿ. ಅವರ ಕಂಠ ಇಂದಿಗೂ ಉಳಿದಿರುವುದು ಧ್ವನಿಮುದ್ರಣದ ಪುಣ್ಯದಿಂದ. ಬೈಂದೂರು ಕಡೆಯ ಹಳ್ಳಿಯಲ್ಲಿರುವ ನನ್ನ ಅಜ್ಜಿಯ ನಟ್ಟಿ ಹಾಡಿಗೂ ಆ ಭಾಗ್ಯ ಬೇಡವೇ? ನಮ್ಮ ಮನೆಯಿಂದ ಮೊದಲು ಕಾಲೇಜಿನ ಮೆಟ್ಟಲು ಹತ್ತಿದ ನಾನು, ಮಕ್ಕಳಿಗೆ ಪಾಠ ಹೇಳಿ ಗಳಿಸಿದ ಹಣದಿಂದ ಒಂದು ಕಂಡೆನ್ಸರ್ ಮೈಕನ್ನೂ ಅದನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸನ್ನೂ ಕೊಂಡೆನು. ಆಷಾಢದ ಒಂದು ಸಂಜೆ ಹಾಡಿಸಿ, ಮುದ್ರಿಸಿ, ಕೇಳಿಸಿದೆ. “ಹಾಡದ್ದ್ ನಾನಾ, ಮಳಿಯಾ ಮಗಾ?” ಎಂದರು ಅಜ್ಜಿ.

ತಪ್ಪು ನನ್ನದೇ. ಕಂಡೆನ್ಸರ್ ಮೈಕಿನ ಪೊರೆ ಬಹು ಸೂಕ್ಷ್ಮ. ಅದಕ್ಕೆ ಇಂಟರ್‌ಫೇಸಿನಿಂದ 48 ವೋಲ್ಟ್ ವಿದ್ಯುತ್ತೂ ಬೇಕು. ನಾನದನ್ನು ಮಾರು ದೂರದಲ್ಲಿಟ್ಟಿದ್ದರಿಂದ ಹೆಂಚಿನ ಮೇಲಿನ ಮಳೆಯೇ ಮುಂದಾಯಿತು. ಡೈನಾಮಿಕ್ ಮೈಕು ಅಷ್ಟು ಸೂಕ್ಷ್ಮವಲ್ಲ, ಆ ವಿದ್ಯುತ್ತೂ ಬೇಡ. ಅದನ್ನು ಬಾಯಿಂದ ನಾಲ್ಕು ಬೆರಳು ದೂರದಲ್ಲಿ ಹಿಡಿಯಬೇಕು. ದೂರ ಅರ್ಧಕ್ಕಿಳಿದರೆ ಕಂಠ ಸುಮಾರು 6 ಡೆಸಿಬೆಲ್ ಏರುತ್ತದೆ. ಮಳೆಯ ಸದ್ದು ಏರದು.

ಗಿಟಾರ್ ನುಡಿಸಿ ಹಾಡುವ ಕುಂದಾಪುರದ ಮಿತ್ರರು ಎರಡು ಮೈಕು ಜೋಡಿಸಬಹುದಾದ ಇಂಟರ್‌ಫೇಸನ್ನೇ ಕೊಳ್ಳಲಿ. ಒಂದು ಮೈಕು ಕಂಠಕ್ಕೆ. ಇನ್ನೊಂದು ಗಿಟಾರಿನ ಹನ್ನೆರಡನೆಯ ಫ್ರೆಟ್ಟಿನೆದುರು, ಗೇಣು ದೂರದಲ್ಲಿ. ರಂಧ್ರದೆದುರಿಟ್ಟರೆ ನಾದ ಗುಮ್ಮೆನ್ನುತ್ತದೆ. ಗೋಡೆಯ ಪ್ರತಿಧ್ವನಿಯನ್ನು ತಗ್ಗಿಸಲು ಮನೆಯ ಹಾಸಿಗೆ, ಕಂಬಳಿಗಳೇ ಸಾಕು. ಕಂಪ್ಯೂಟರಿನಲ್ಲಿ ಮುದ್ರಿಸಲು ಆಡಾಸಿಟಿ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ.

ನಾನು ಮೈಕು ಬದಲಿಸುವಷ್ಟರಲ್ಲಿ ದೀಪಾವಳಿ ಬಂದಿತ್ತು. ಈ ಸಲ ಮುದ್ರಣ ಸ್ಪಷ್ಟವಾಯಿತು. ಆದರೆ ಮೇಲಿನ ಸ್ವರಕ್ಕೆ ಅಜ್ಜಿಯ ಉಸಿರು ಸಾಲಲಿಲ್ಲ. ಮಿತ್ರರೇ, ನಿಮ್ಮ ಮನೆಯಲ್ಲಿಯೂ ಹಾಡುವ ಹಿರಿಯರಿದ್ದರೆ ಈ ರಜೆಯಲ್ಲಿಯೇ ಮುದ್ರಿಸಿಕೊಳ್ಳಿರೆಂದು ನನ್ನ ವಿನಂತಿ.