ಪುಣೆ–ಬೆಂಗಳೂರು: ಆಕಾಶದ ದೂರ ಮತ್ತು ಪ್ರಯಾಣದ ಅವಧಿ

ಪುಣೆ ನಗರದ ಆಗ್ನೇಯ ಭಾಗದಲ್ಲಿರುವ ಕೊಂಢವಾ ಬಡಾವಣೆಯ ಕನ್ನಡ ಕುಟುಂಬವೊಂದಕ್ಕೆ ಬೆಂಗಳೂರಿನ ಜಯನಗರದಿಂದ ಹಿರಿಯರ ಅನಾರೋಗ್ಯದ ಸುದ್ದಿ ಬಂದಿತೆಂದು ಭಾವಿಸೋಣ. ವಿಮಾನದ ಟಿಕೆಟ್ಟಿನಲ್ಲಿ ಪ್ರಯಾಣದ ಅವಧಿ ಸುಮಾರು ಒಂದೂವರೆ ಗಂಟೆ ಎಂದಿರುತ್ತದೆ. ಬೆಳಗ್ಗೆ 6 ಗಂಟೆಗೆ ಮನೆ ಬಿಟ್ಟವರು ಜಯನಗರ ತಲುಪುವಾಗ ಮಧ್ಯಾಹ್ನ 12.30 ಆಗಿರುವುದು ಅಸಾಧಾರಣವೇನಲ್ಲ. ಈ ವ್ಯತ್ಯಾಸಕ್ಕೆ ಕಾರಣವನ್ನು ತಿಳಿದಿದ್ದರೆ ತುರ್ತು ಸಂದರ್ಭದಲ್ಲಿ ಲೆಕ್ಕಾಚಾರ ತಪ್ಪುವುದಿಲ್ಲ.

ಎರಡು ವಿಮಾನ ನಿಲ್ದಾಣಗಳ ನಡುವಣ ದೂರವನ್ನು ಭೂಮಿಯ ಗೋಳಾಕಾರವನ್ನು ಗಮನದಲ್ಲಿರಿಸಿಕೊಂಡು ಅತಿ ಹತ್ತಿರದ ರೇಖೆಯ ಮೇಲೆ ಅಳೆಯುತ್ತಾರೆ. ಈ ರೀತಿ ಅಳೆದರೆ ಪುಣೆಯ ಲೋಹಗಾಂವ್‌ನಿಂದ ಬೆಂಗಳೂರಿನ ದೇವನಹಳ್ಳಿಗೆ ಸುಮಾರು 720 ಕಿ.ಮೀ., ಅಂದರೆ ಸುಮಾರು 390 ನಾಟಿಕಲ್ ಮೈಲಿ. ಸಾತಾರಾ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆಗಳ ಮಾರ್ಗವಾಗಿ ಸಾಗುವ ಹೆದ್ದಾರಿಯಲ್ಲಿ ಇದೇ ಪ್ರಯಾಣ ಸುಮಾರು 840 ಕಿ.ಮೀ. ಆಗುತ್ತದೆ.

ಗಂಟೆಗೆ 800 ಕಿ.ಮೀ. ವೇಗದ ಜೆಟ್ ವಿಮಾನಕ್ಕೆ 720 ಕಿ.ಮೀ. ಕ್ರಮಿಸಲು 54 ನಿಮಿಷ ಸಾಕು. ಆದರೆ ಆ ವೇಗ ದೊರೆಯುವುದು ಎತ್ತರಕ್ಕೆ ಏರಿದ ಮೇಲೆ ಮಾತ್ರ. ಏರುವಾಗಲೂ ಇಳಿಯುವಾಗಲೂ ವೇಗ ಕಡಿಮೆ; ನಿಗದಿತ ವಾಯುಮಾರ್ಗವೂ ನೇರ ರೇಖೆಯಲ್ಲ. ಇದಲ್ಲದೆ, ವಿಮಾನವು ನಿಂತ ಸ್ಥಳದಿಂದ ಕದಲಿದ ಕ್ಷಣದಿಂದ ಗುರಿಯಲ್ಲಿ ಪೂರ್ಣವಾಗಿ ನಿಲ್ಲುವವರೆಗಿನ ಕಾಲವೇ ಟಿಕೆಟ್ಟಿನ ಅವಧಿ. ಇದನ್ನು ‘ಬ್ಲಾಕ್ ಟೈಮ್’ ಎನ್ನುತ್ತಾರೆ. ರನ್‌ವೇಯ ಕಡೆಗೆ ಸಾಗುವುದು, ಅಲ್ಲಿ ಸರದಿಗಾಗಿ ಕಾಯುವುದು ಎಲ್ಲವೂ ಇದರಲ್ಲಿ ಸೇರಿವೆ. ಲೋಹಗಾಂವ್ ಮೂಲತಃ ವಾಯುಪಡೆಯ ನೆಲೆ. ನಾಗರಿಕ ವಿಮಾನಗಳು ಅಲ್ಲಿನ ರನ್‌ವೇಯನ್ನೇ ಹಂಚಿಕೊಳ್ಳುತ್ತವೆ. 2021ರ ಅಕ್ಟೋಬರ್ 16ರಿಂದ 29ರವರೆಗೆ ಆ ರನ್‌ವೇಯ ದುರಸ್ತಿಗಾಗಿ ನಾಗರಿಕ ವಿಮಾನ ಸಂಚಾರವೇ ನಿಂತಿತ್ತು.

ಉಳಿದ ಸಮಯ ನೆಲದ ಮೇಲೆ ವ್ಯಯವಾಗುತ್ತದೆ. ಕೊಂಢವಾದಿಂದ ಲೋಹಗಾಂವ್ ಸುಮಾರು 15 ಕಿ.ಮೀ.; ನಗರದ ದಟ್ಟಣೆಯಲ್ಲಿ ಇದಕ್ಕೆ ಒಂದು ಗಂಟೆ ಬೇಕಾಗಬಹುದು. ದೇಶೀಯ ವಿಮಾನಗಳ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಹೊರಡುವ ವೇಳೆಗೆ 60 ನಿಮಿಷ ಮೊದಲೇ ಮುಚ್ಚುವುದರಿಂದ, ಎರಡು ಗಂಟೆ ಮುಂಚಿತವಾಗಿ ತಲುಪುವುದು ಕ್ಷೇಮ. ಬೆಂಗಳೂರಿನಲ್ಲಿ ಸಾಮಾನು ಪಡೆಯಲು ಅರ್ಧ ಗಂಟೆ, ಜಯನಗರಕ್ಕೆ ಮತ್ತೆ ಒಂದೂವರೆ ಗಂಟೆ. ಇಲ್ಲಿ ಒಂದು ಸ್ವಾರಸ್ಯವಿದೆ. 2008ರ ಮೇ ತಿಂಗಳಲ್ಲಿ ಸಂಚಾರವು ಹಳೆಯ ಎಚ್‌.ಎ.ಎಲ್. ನಿಲ್ದಾಣದಿಂದ ಉತ್ತರದ ದೇವನಹಳ್ಳಿಗೆ ವರ್ಗವಾದಾಗ ಪುಣೆಯಿಂದ ಆಕಾಶದ ದೂರ ಸುಮಾರು 20 ಕಿ.ಮೀ. ಕಡಿಮೆಯಾಯಿತು, ದಕ್ಷಿಣ ಬೆಂಗಳೂರಿನ ನಿವಾಸಿಗಳ ರಸ್ತೆ ಪ್ರಯಾಣ ಮಾತ್ರ ಬೆಳೆಯಿತು.

ಮನೆಯಿಂದ ಮನೆಗೆ ಹೀಗೆ ಆರೂವರೆ ಗಂಟೆಯಾಗುತ್ತದೆ. ರೈಲಿನ ಸುಮಾರು 20 ಗಂಟೆಯ ಪ್ರಯಾಣಕ್ಕೆ ಹೋಲಿಸಿದರೆ ಇದು ದೊಡ್ಡ ಉಳಿತಾಯವೇ ಸರಿ. ಆದರೆ ಬೆಳಗಾವಿಗೆ ಹೋಗಬೇಕಾದವರು ರಸ್ತೆಯ ಸುಮಾರು 340 ಕಿ.ಮೀ.ಗಳನ್ನು ಹೆಚ್ಚುಕಡಿಮೆ ಇಷ್ಟೇ ಕಾಲದಲ್ಲಿ ಬಸ್ಸಿನಲ್ಲಿಯೇ ಕ್ರಮಿಸಬಲ್ಲರು.

ಟಿಕೆಟ್ಟಿನ ಅವಧಿಗೆ ಇನ್ನೊಂದು ಉಪಯೋಗವೂ ಉಂಟು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ, ಎರಡೂವರೆ ಗಂಟೆಯವರೆಗಿನ ಬ್ಲಾಕ್ ಟೈಮ್ ಉಳ್ಳ ವಿಮಾನ 2 ಗಂಟೆ ಅಥವಾ ಅದಕ್ಕಿಂತ ಹೆಚ್ಚು ತಡವಾಗುವುದಾದರೆ, ಸಕಾಲದಲ್ಲಿ ಚೆಕ್-ಇನ್ ಮಾಡಿದ ಪ್ರಯಾಣಿಕರಿಗೆ ಸಂಸ್ಥೆಯು ಊಟ-ಉಪಾಹಾರ ಒದಗಿಸತಕ್ಕದ್ದು. ಪುಣೆ–ಬೆಂಗಳೂರು ವಿಮಾನಗಳು ಈ ವರ್ಗಕ್ಕೇ ಸೇರುತ್ತವೆ. ಇದನ್ನು ಕೌಂಟರಿನಲ್ಲಿ ಕೇಳಿ ಪಡೆಯಬಹುದು.