ಹ್ಯಾಂಡಲ್ ಏಕೆ ನಡುಗುತ್ತದೆ?

ಮಕ್ಕಳೇ, 30 ಸೆಂಟಿಮೀಟರ್ ಉದ್ದದ ಒಂದು ಸ್ಟೀಲ್ ಸ್ಕೇಲು ತೆಗೆದುಕೊಳ್ಳಿ. ಒಂದು ತುದಿಯನ್ನು ಮೇಜಿನ ಮೇಲೆ ಅಂಗೈಯಿಂದ ಒತ್ತಿ ಹಿಡಿದು, 25 ಸೆಂಟಿಮೀಟರಿನಷ್ಟು ಹೊರಗೆ ಚಾಚಿ, ಬೆರಳಿನಿಂದ ಮೀಟಿ. ಸ್ಕೇಲು ನಿಧಾನವಾಗಿ ತೂಗಾಡುತ್ತದೆ. ಈಗ 10 ಸೆಂಟಿಮೀಟರ್ ಮಾತ್ರ ಹೊರಗೆ ಬಿಟ್ಟು ಮೀಟಿ. 'ಟರ್‍ರ್' ಎಂದು ಸದ್ದು ಮಾಡುತ್ತಾ ಬೇಗಬೇಗ ನಡುಗುತ್ತದೆ. ಕೊನೆಗೆ ಅಡುಗೆಮನೆಯಿಂದ ಚಪಾತಿ ಹಿಟ್ಟಿನ ಸಣ್ಣ ಉಂಡೆ ಕೇಳಿ ತಂದು, ತುದಿಗೆ ಅಂಟಿಸಿ ಮೀಟಿ. ನಡುಕ ಮತ್ತೆ ನಿಧಾನವಾಗುತ್ತದೆ. ಇಷ್ಟು ಗೊತ್ತಾದರೆ, ಮನೆಯ ಮುಂದೆ ನಿಂತಿರುವ ಮೋಟಾರ್‌ಸೈಕಲ್ಲಿನ ಹ್ಯಾಂಡಲ್ ಏಕೆ ನಡುಗುತ್ತದೆ ಎನ್ನುವುದು ಅರ್ಧ ತಿಳಿದ ಹಾಗೆ.

ಉಳಿದರ್ಧ ಎಂಜಿನ್ನಿನ ಒಳಗಿದೆ. ನಮ್ಮ ಊರುಗಳಲ್ಲಿ ಓಡಾಡುವ ಹೆಚ್ಚಿನ ಬೈಕುಗಳಿಗೆ ಒಂದೇ ಸಿಲಿಂಡರು, ಅದರೊಳಗೆ ಒಂದೇ ಪಿಸ್ಟನ್ನು. ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಆ ಪಿಸ್ಟನ್ ಸೆಕೆಂಡಿಗೆ 100 ಸಲ ಮೇಲೆ ಹೋಗಿ ಕೆಳಗೆ ಬರುತ್ತದೆ. ಅದರ ಜಗ್ಗಾಟವನ್ನು ಸರಿದೂಗಿಸಲು ಕ್ರ್ಯಾಂಕಿನ ಎದುರು ಬದಿಗೆ ಭಾರ ಇಟ್ಟಿರುತ್ತಾರೆ. ಆದರೆ ಪಿಸ್ಟನ್ ಓಡಾಡುವುದು ನೇರವಾಗಿ, ಆ ಭಾರ ತಿರುಗುವುದು ಸುತ್ತಲೂ. ಆದ್ದರಿಂದ ತಕ್ಕಡಿ ಪೂರ್ತಿ ಸಮವಾಗುವುದಿಲ್ಲ. ಕೆಲವು ಹೊಸ ಬೈಕುಗಳಲ್ಲಿ ವಿರುದ್ಧ ದಿಕ್ಕಿಗೆ ತಿರುಗುವ ಇನ್ನೊಂದು ಭಾರ ಕೂಡಿಸಿ ಇದನ್ನು ತಗ್ಗಿಸಿರುತ್ತಾರೆ.

ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಸ್ವಲ್ಪಸ್ವಲ್ಪವೇ ತಳ್ಳಿದರೂ ಅದು ಎತ್ತರಕ್ಕೆ ಹೋಗುತ್ತದಲ್ಲವೇ? ಹ್ಯಾಂಡಲ್ಲಿಗೂ ನಿಮ್ಮ ಸ್ಕೇಲಿನಂತೆ ತನ್ನದೇ ಒಂದು ತಾಳವಿದೆ. ಎಂಜಿನ್ನಿನ ತಾಳ ಅದಕ್ಕೆ ಹೊಂದಿಕೊಂಡಾಗ ಸಣ್ಣ ನಡುಕವೂ ದೊಡ್ಡದಾಗುತ್ತದೆ.

ನಾನು ಮೆಕ್ಯಾನಿಕ್ ಅಲ್ಲ. ಬಿಕಾಂ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ನಮ್ಮ ಬೀದಿಗೆ ಹಾಲು ತರುವ ಹುಡುಗ ಒಂದು ದಿನ ಚಿಲ್ಲರೆ ಕೊಡುವಾಗ ನಾಣ್ಯ ಕೈಜಾರಿ ಬಿತ್ತು. ಬಲಗೈಯ ಎರಡು ಬೆರಳು ಜುಮ್ಮೆನ್ನುತ್ತವೆ, ಗಾಡಿ ಓಡಿಸಿದರೆ ಮರಗಟ್ಟುತ್ತವೆ ಎಂದ. ಯಾರೋ ದಪ್ಪ ಸ್ಪಂಜಿನ ಹಿಡಿ ಹಾಕಿಸು ಎಂದಿದ್ದರಂತೆ.

"ಅದು ಜ್ವರ ಬಂದವನಿಗೆ ಕಂಬಳಿ ಹೊದಿಸಿದ ಹಾಗೆ ಕಣಪ್ಪ. ನಡುಕ ಯಾವಾಗ ಬರುತ್ತೆ, ಅದನ್ನ ಮೊದಲು ಹೇಳು" ಎಂದೆ.

"ಅದನ್ನ ನೋಡೇ ಇಲ್ಲ ಸಾರ್."

ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ನಾವು ಎಲ್ಲ ಪುಟಗಳನ್ನೂ ತಿರುವುತ್ತಿರಲಿಲ್ಲ. ಮೊದಲು ವ್ಯತ್ಯಾಸ ಎಷ್ಟೆಂದು ನೋಡುತ್ತಿದ್ದೆವು. ಅದು 9ರಿಂದ ಭಾಗವಾದರೆ, ಯಾರೋ ಎರಡು ಅಂಕಿಗಳನ್ನು ಅದಲುಬದಲು ಬರೆದಿರಬಹುದು. 54ರ ಬದಲು 45 ಬರೆದರೆ ವ್ಯತ್ಯಾಸ 9. 810ರ ಬದಲು 180 ಬರೆದರೆ 630, ಅದೂ 9ರ ಮಗ್ಗಿಯದೇ. ತಪ್ಪು ಎಲ್ಲಿದೆ ಎಂಬ ಸುಳಿವನ್ನು ತಪ್ಪೇ ಕೊಡುತ್ತದೆ. ಗಾಡಿಯ ನಡುಕವೂ ಹಾಗೆಯೇ.

ಎಂಟನೇ ತರಗತಿಯ ನನ್ನ ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಮೂರು ಕಲಂ ಎಳೆದಳು: ಗೇರು, ವೇಗ, ನಡುಕ. ಹುಡುಗ ಖಾಲಿ ರಸ್ತೆಯಲ್ಲಿ ಓಡಿಸಿ ಬಂದು ಹೇಳಿದ, ಇವಳು ಬರೆದುಕೊಂಡಳು. ನಾಲ್ಕನೇ ಗೇರಿನಲ್ಲಿ 50 ಕಿಲೋಮೀಟರ್ ವೇಗಕ್ಕೆ ನಡುಕ ಶುರು. ಮೂರನೇ ಗೇರಿನಲ್ಲಿ 40ಕ್ಕೇ ಶುರು. ಆಮೇಲೆ ಗಾಡಿಯನ್ನು ಅಂಗಳದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿಟ್ಟು ಮೆಲ್ಲಗೆ ರೇಸ್ ಮಾಡಿದೆವು. ಎಂಜಿನ್ನಿನ ಸದ್ದು ಅದೇ ಮಟ್ಟಕ್ಕೆ ಬಂದಾಗ, ನಿಂತಲ್ಲೇ ಹ್ಯಾಂಡಲ್ ನಡುಗಿತು.

ಇದರ ಅರ್ಥವೇನು? ಗೇರು ಬದಲಾದಾಗ ನಡುಕದ ವೇಗವೂ ಬದಲಾದರೆ, ಅದು ಎಂಜಿನ್ನಿನ ಕಡೆಯದು. ಯಾವ ಗೇರಿನಲ್ಲಿದ್ದರೂ ಅದೇ ವೇಗಕ್ಕೆ ನಡುಗಿದರೆ ಚಕ್ರದ ಕಡೆಯದು. ಆಗ ಟಯರಿನ ಗಾಳಿ, ಟಯರ್ ಒಂದೇ ಕಡೆ ಸವೆದಿದೆಯೇ, ರಿಮ್ಮು ಸೊಟ್ಟಗಿದೆಯೇ, ಕಡ್ಡಿಗಳು ಸಡಿಲವೇ, ಚೈನು ಜೋತಿದೆಯೇ ಎಂದು ನೋಡಬೇಕು. ನನ್ನ ಬೈಕಿನ ಕೈಪಿಡಿಯ ಪ್ರಕಾರ ಚೈನು 20ರಿಂದ 30 ಮಿಲಿಮೀಟರ್ ಆಡಬೇಕು. ನಿಮ್ಮ ಮನೆಯ ಗಾಡಿಗೆ ಎಷ್ಟೆಂದು ಅದರ ಕೈಪಿಡಿಯಲ್ಲಿ ನೋಡಿ. ಎಂಜಿನ್ ಓಡುತ್ತಿರುವಾಗ ಯಾರೂ ಚೈನಿನ ಹತ್ತಿರ ಬೆರಳು ಒಯ್ಯಬಾರದು.

ಹುಡುಗನ ಗಾಡಿಯ ಸುಳಿವು ಎಂಜಿನ್ನಿನ ಕಡೆ ತೋರಿಸಿತ್ತು. ಮೆಕ್ಯಾನಿಕ್ ಹತ್ತಿರ ಹೋಗಿ, ಎಂಜಿನ್ನನ್ನು ಚಾಸಿಗೆ ಬಿಗಿದಿರುವ ಬೋಲ್ಟುಗಳನ್ನು ಮೊದಲು ನೋಡಪ್ಪ ಎಂದೆವು. ಹಿಂದಿನ ಬೋಲ್ಟಿನ ಸುತ್ತ ತುಕ್ಕಿನ ಕೆಂಪು ಪುಡಿ ಇತ್ತು. ಸಡಿಲವಾದ ಎರಡು ಕಬ್ಬಿಣ ಒಂದಕ್ಕೊಂದು ಉಜ್ಜಿದಾಗ ಉದುರುವ ಪುಡಿ ಅದು. ಅವನು ನಟ್ಟನ್ನು ಅಳತೆ ತೋರಿಸುವ ಸ್ಪ್ಯಾನರಿನಿಂದ ಬಿಗಿ ಮಾಡಿದ. ಜಾಸ್ತಿ ಬಿಗಿದರೂ ಮರೆ ಹೋಗಿಬಿಡುತ್ತದೆ. ಮತ್ತೆ ಓಡಿಸಿ ನೋಡಿದಾಗ ನಡುಕ ಅರ್ಧಕ್ಕರ್ಧ ಇಳಿದಿತ್ತು.

ಉಳಿದದ್ದನ್ನು ಕಂಡುಹಿಡಿದವಳು ಮೊಮ್ಮಗಳು. "ತಾತ, ಹ್ಯಾಂಡಲ್ಲಿನ ಎಡಗಡೆ ತುದಿಗೆ ಕಬ್ಬಿಣದ ಗುಂಡು ಇದೆ, ಬಲಗಡೆ ಇಲ್ವಲ್ಲ?" ಗಾಡಿ ಹಿಂದೊಮ್ಮೆ ಬಿದ್ದಾಗ ಅದು ಕಳಚಿಹೋಗಿತ್ತಂತೆ. ಅದು ಅಲಂಕಾರಕ್ಕೆ ಇಟ್ಟದ್ದಲ್ಲ, ನಿಮ್ಮ ಸ್ಕೇಲಿನ ತುದಿಯ ಹಿಟ್ಟಿನ ಉಂಡೆಯ ಕೆಲಸವೇ ಅದರದ್ದು. ಹ್ಯಾಂಡಲ್ಲಿನ ತಾಳವನ್ನು ಎಂಜಿನ್ನಿನ ತಾಳದಿಂದ ದೂರ ಸರಿಸುತ್ತದೆ. ಹೊಸದನ್ನು ಹಾಕಿಸಿದ ಮೇಲೆ ಬಲಗೈಯ ಜುಮ್ಮು ಬಹಳ ಮಟ್ಟಿಗೆ ತಗ್ಗಿತು. ಎರಡು ಕೆಲಸವನ್ನೂ ಒಟ್ಟಿಗೆ ಮಾಡಿಸಿದ್ದರೆ ಯಾವುದರಿಂದ ಎಷ್ಟು ಗುಣವಾಯಿತೆಂದು ತಿಳಿಯುತ್ತಿರಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಪರೀಕ್ಷೆ.

ಇನ್ನೊಂದು ಬಗೆಯ ನಡುಕವಿದೆ. ಅದು ಜುಮ್ಮೆನ್ನುವುದಿಲ್ಲ, ಹ್ಯಾಂಡಲ್ಲೇ ಎಡಕ್ಕೆ ಬಲಕ್ಕೆ ವಾಲಾಡುತ್ತದೆ. ಮುಂದಿನ ಟಯರ್ ಸವೆದಿರಬಹುದು, ಇಲ್ಲವೇ ಹ್ಯಾಂಡಲ್ ತಿರುಗುವ ಜಾಗದ ಕೋನ್‌ಸೆಟ್ ಹಾಳಾಗಿರಬಹುದು. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಹ್ಯಾಂಡಲನ್ನು ಮೆಲ್ಲಗೆ ತಿರುಗಿಸಿದರೆ, ನಡುವೆ ಎಲ್ಲೋ ಕಚ್ಚಿ ಹಿಡಿದಂತಾಗುತ್ತದೆ. ಅಂಥ ಗಾಡಿಯನ್ನು ರಿಪೇರಿಯಾಗುವವರೆಗೆ ಓಡಿಸಲೇಬಾರದು.

ಅಜ್ಜಂದಿರು 'ಸ್ವಲ್ಪ ನಡುಕ ತಾನೇ' ಎಂದು ಸುಮ್ಮನಿರಬೇಡಿ. 1918ರಲ್ಲಿ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್, ಇಂಡಿಯಾನಾ ರಾಜ್ಯದ ಬೆಡ್‌ಫರ್ಡ್‌ನಲ್ಲಿ ಗಾಳಿಯ ಒತ್ತಡದ ಸುತ್ತಿಗೆ ಹಿಡಿದು ಸುಣ್ಣಕಲ್ಲು ಕೆತ್ತುವವರ ಕೈಗಳನ್ನು ಪರೀಕ್ಷಿಸಿದರು. ಚಳಿಯಲ್ಲಿ ಆ ಕೆಲಸಗಾರರ ಬೆರಳುಗಳು ಬೆಳ್ಳಗಾಗಿ ಮರಗಟ್ಟುತ್ತಿದ್ದವು. ಕಾರಣ ಆ ಸುತ್ತಿಗೆಯ ನಡುಕವೇ ಎಂದು ಅವರು ತೋರಿಸಿದರು. ಮರುವರ್ಷ ಅವರು ಹಾರ್ವರ್ಡ್ ವಿಶ್ವವಿದ್ಯಾಲಯದ ಮೊದಲ ಅಧ್ಯಾಪಕಿಯಾದರು. ಬೈಕಿನ ನಡುಕ ಅಷ್ಟು ಜೋರಲ್ಲ, ಆದರೆ ದಿನವೂ ಗಂಟೆಗಟ್ಟಲೆ ಓಡಿಸುವವರ ಕೈ ಅದೇ ಬಗೆಯ ಪೆಟ್ಟನ್ನು ತಿನ್ನುತ್ತದೆ. ಹಿಡಿಯನ್ನು ಬಿಗಿಯಾಗಿ ಹಿಡಿದಷ್ಟೂ ನಡುಕ ಕೈಗೆ ಹೆಚ್ಚು ಹತ್ತುತ್ತದೆ. ಹಿಡಿತ ಸ್ವಲ್ಪ ಸಡಿಲವಿರಲಿ, ದೂರ ಹೋಗುವಾಗ ನಡುನಡುವೆ ನಿಂತು ಕೈ ಕೊಡವಿಕೊಳ್ಳಿ. ಗಾಡಿಯಿಂದ ಇಳಿದ ಮೇಲೂ ಬೆರಳು ಮರಗಟ್ಟಿಯೇ ಇದ್ದರೆ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆಯಿಂದಲೂ, ಕುತ್ತಿಗೆಯ ನರ ಒತ್ತಿದರೂ ಹೀಗಾಗುವುದುಂಟು.

ಮಕ್ಕಳೇ, ಈ ಭಾನುವಾರ ನಿಮ್ಮ ಮನೆಯ ಗಾಡಿ ನಿಂತಿರುವಾಗ, ಎಂಜಿನ್ ತಣ್ಣಗಿರುವಾಗ, ಹ್ಯಾಂಡಲ್ಲಿನ ಎರಡು ತುದಿಯನ್ನೂ ನೋಡಿ. ಗುಂಡು ಒಂದೇ ಕಡೆ ಇದ್ದರೆ ತಾತನಿಗೆ ಹೇಳಿ.